ಬಿರುಸಿನಲ್ಲಿ ಹತ್ತು ಸೆಕೆಂಡು

ನಾನು ಗಣಿತದಲ್ಲಿ ಫೇಲಾದದ್ದು ಚಕ್ರದ ಲೆಕ್ಕದಲ್ಲಿ. ನಗಬೇಡಿ. ಹುಟ್ಟಿದ್ದು ಚಕ್ರದ ಮೇಲೆ, ಮದುವೆಯಾಗಿ ಬಂದದ್ದು ಅದೇ ಚಕ್ರದ ಇನ್ನೊಂದು ಮನೆಗೆ, ಮೂವತ್ತೇಳು ವರ್ಷ ಅದರ ಜೊತೆಗೇ ಸುತ್ತಿದ್ದೇನೆ. ಆದರೂ ಪ್ರಶ್ನೆಪತ್ರಿಕೆಯಲ್ಲಿ ‘ಒಂದು ಚಕ್ರವು ಒಂದೇ ವೇಗದಲ್ಲಿ ತಿರುಗುತ್ತಿದೆ’ ಎಂದು ಓದಿದ್ದೇ ತಡ, ಹೆದರಿ ಆ ಜಾಗವನ್ನು ಖಾಲಿ ಬಿಟ್ಟು ಎದ್ದು ಬಂದೆ. ನಾಲ್ಕು ಅಂಕದಲ್ಲಿ ಹೋಯಿತು. ಎರಡನೇ ಸಲ ಹಾಳು ಜ್ವರ ಬಂತು. ಮೂರು ಸಲಕ್ಕಿಂತ ಹೆಚ್ಚು ಕೂರಿಸುವುದಿಲ್ಲ. ಇದು ಮೂರನೇ ಸಲದ ಕಥೆ.

ನಮ್ಮೂರಿನ ಇಪ್ಪತ್ನಾಲ್ಕು ಮನೆಗಳು ಚಕ್ರದ ಮೇಲಿವೆ, ಉಳಿದವು ನೆಲದ ಮೇಲೆ. ಚಕ್ರ ಹತ್ತು ನಿಮಿಷಕ್ಕೆ ಒಂದು ಸುತ್ತು ಬರುತ್ತದೆ. ಮನೆಗಳು ತೂಗುಹಾಕಿದ ಪಂಜರಗಳ ಹಾಗೆ ಯಾವಾಗಲೂ ನೆಟ್ಟಗಿರುವುದರಿಂದ ಒಲೆಯ ಮೇಲಿನ ಸಾರು ಚೆಲ್ಲುವುದಿಲ್ಲ, ತೊಟ್ಟಿಲು ಮಗುಚುವುದಿಲ್ಲ. ನಮಗೆ ಅನ್ನ ಎರಡು ಸುತ್ತಿಗೆ ಆಗುತ್ತದೆ, ಬೇಳೆ ಮೂರು ಸುತ್ತಿಗೆ. ಹಪ್ಪಳ ಹಾಕಿದವರು ಮನೆ ಮೇಲಕ್ಕೆ ಹೋದಾಗ ಬಟ್ಟೆ ತೆಗೆದು ಬಿಸಿಲು ತೋರಿಸುತ್ತಾರೆ, ಕೆಳಗೆ ಹೊಳೆಯ ತೇವಕ್ಕೆ ಬಂದಾಗ ಮುಚ್ಚುತ್ತಾರೆ. ಮದುವೆಗೆ ಬಂದ ನೆಲದ ನೆಂಟರು ಮೊದಲ ದಿನ ತಲೆ ತಿರುಗುತ್ತದೆ ಎಂದು ಮಲಗಿಬಿಡುತ್ತಾರೆ, ನಾವು ಅವರಿಗೆ ನಿಂಬೆಹಣ್ಣು ಮೂಸಲು ಕೊಟ್ಟು ಹಿಂದಿನಿಂದ ನಗುತ್ತೇವೆ.

ಹತ್ತುವುದು ಇಳಿಯುವುದು ಎಲ್ಲ ತಳದಲ್ಲಿ. ಅಲ್ಲಿ ಹೊಳೆಯ ದಂಡೆಗೆ ಉದ್ದನೆಯ ಕಟ್ಟೆಯಿತ್ತು. ಮನೆ ಯಾರಿಗಾಗಿಯೂ ನಿಲ್ಲುವುದಿಲ್ಲ. ಹತ್ತುವವರು ಮನೆ ಬರುವ ಮೊದಲೇ ಕಟ್ಟೆಯ ಮೇಲೆ ನಡೆಯಲು ಶುರು ಮಾಡಬೇಕು. ಅದು ಪಕ್ಕಕ್ಕೆ ಬಂದಾಗ ಅದರ ಸಮಕ್ಕೆ ಹತ್ತು ಹೆಜ್ಜೆ ಹಾಕಿ, ಆಮೇಲೆ ಜಗಲಿಗೆ ಕಾಲಿಡಬೇಕು. ಇದಕ್ಕೆ ಜೊತೆನಡೆ ಎನ್ನುತ್ತೇವೆ. ಎಪ್ಪತ್ತರ ಮುದುಕಿಯರೂ ತಲೆಯ ಮೇಲೆ ಕೊಡ ಹೊತ್ತು, ಬಾಯಲ್ಲಿ ಎಲೆಯಡಿಕೆ ಜಗಿಯುತ್ತಾ ಜೊತೆನಡೆ ನಡೆದು ಹತ್ತುತ್ತಾರೆ.

ನಮ್ಮವರು ಹೆದರುವುದು ಒಂದೇ ಒಂದು ಜಾಗಕ್ಕೆ. ಚಕ್ರದ ಒಂದು ಮಗ್ಗುಲಿಗೆ ಕಲ್ಲುಗುಡ್ಡವಿದೆ. ಮನೆ ತಳದಿಂದ ಏರುತ್ತಾ ಚಕ್ರದ ಅಚ್ಚಿನ ಮಟ್ಟಕ್ಕೆ ಬಂದಾಗ ಗುಡ್ಡಕ್ಕೆ ತೀರ ಹತ್ತಿರವಾಗುತ್ತದೆ. ಆ ಜಾಗದ ಹೆಸರೇ ಬಿರುಸು. ಚಕ್ರ ತಳದಲ್ಲಿ ತೂಕಡಿಸುತ್ತದೆ, ನೆತ್ತಿಯಲ್ಲಿ ನಿದ್ದೆ ಮಾಡುತ್ತದೆ, ಬಿರುಸಿಗೆ ಬಂದಾಗ ಹುಚ್ಚೆದ್ದು ಓಡುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಗುಡ್ಡದ ಬಂಡೆಗಳು ಸರಸರ ಕೆಳಗೆ ಜಾರುವುದು ಕಣ್ಣಿಗೇ ಕಾಣುತ್ತದಲ್ಲ, ಇನ್ನೇನು ಸಾಕ್ಷಿ ಬೇಕು? ಬಿರುಸು ಬಂತೆಂದರೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಆ ಕಡೆಯ ಬಾಗಿಲು ಹಾಕುತ್ತಾರೆ. ನಾನೂ ಹಾಕುತ್ತಿದ್ದೆ.

ಈ ಭಯಕ್ಕೆ ಮುದ್ರೆ ಒತ್ತಿದವರು ಭದ್ರಣ್ಣ. ಪೂರ್ತಿ ಹೆಸರು ಈರಭದ್ರಪ್ಪ. ಇಪ್ಪತ್ತರ ಹುಮ್ಮಸ್ಸಿನಲ್ಲಿ ಗೆಳೆಯರ ಜೊತೆ ಪಂಥ ಕಟ್ಟಿ, ಬಿರುಸಿನಲ್ಲಿ ಅಕ್ಕನ ಮನೆಯ ಜಗಲಿಯಿಂದ ಗುಡ್ಡದ ಬಂಡೆಗೆ ನೆಗೆದಿದ್ದರು. ಬಂಡೆಯೇನೋ ಸಿಕ್ಕಿತು, ಆದರೆ ಕಾಲು ಊರುವ ಮೊದಲೇ ಮುಗ್ಗರಿಸಿ ಬಿದ್ದು ಬಲಗಾಲಿನ ಮೂಳೆ ಮೂರು ಕಡೆ ಮುರಿಯಿತು. ಕುಂಟುವ ಕಾಲಿನಲ್ಲಿ ಜೊತೆನಡೆ ನಡೆಯಲಾಗುವುದಿಲ್ಲ. ಹಾಗಾಗಿ ಅವರು ಗುಡ್ಡದ ಮೇಲೇ ಉಳಿದುಬಿಟ್ಟರು. ಬಿರುಸಿನ ಪಕ್ಕದಲ್ಲೇ, ಕೆಳಗಿನ ಗಣಿಯಿಂದ ಬುಟ್ಟಿಯಲ್ಲಿ ಕಲ್ಲೆತ್ತುವ ರಾಟೆ ತಿರುಗಿಸುವುದು ಅವರ ಕೆಲಸವಾಯಿತು. ಇದೆಲ್ಲ ಇಪ್ಪತ್ತೊಂದು ವರ್ಷದ ಹಿಂದಿನ ಮಾತು.

ಅವರ ಅಕ್ಕ ಚೆನ್ನಾಜಮ್ಮನದು ಒಂಬತ್ತನೇ ಮನೆ, ನಮ್ಮದು ಎಂಟು. ನಮ್ಮ ಮನೆಯ ಬೆನ್ನಿಗೇ ಅವರದು ಬರುತ್ತದೆ. ಅಕ್ಕನ ಮೊಣಕಾಲು ಗುಡ್ಡದ ನಾನೂರು ಮೆಟ್ಟಿಲಿಗೆ ಒಪ್ಪುವುದಿಲ್ಲ. ಆದ್ದರಿಂದ ದಿನಾ ಬಿರುಸಿನಲ್ಲಿ ಬಾಗಿಲು ತೆಗೆದು, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟನ್ನು ತಮ್ಮನ ಕಡೆಗೆ ಎಸೆಯುತ್ತಿದ್ದರು. ತಮ್ಮ ಹಿಡಿಯುತ್ತಿದ್ದರು. ರೊಟ್ಟಿ, ಒಣಚಟ್ನಿ, ಉಪ್ಪಿನಕಾಯಿ, ಅಷ್ಟೇ. ಸಾರು ಎಸೆಯಲು ಬರುತ್ತದೆಯೇ?

ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ಹೊಳೆ ಉಕ್ಕಿ ಬಂದು ಕಟ್ಟೆಯನ್ನು ಕೊಚ್ಚಿಕೊಂಡು ಹೋಯಿತು. ತುದಿಯ ಒಂದು ಕಂಬ ಮಾತ್ರ ಉಳಿಯಿತು. ಹೊಸ ಕಟ್ಟೆಗೆ ಹದಿನೈದು ದಿನ ಬೇಕು ಎಂದರು. ಅಲ್ಲಿಯವರೆಗೆ ಚಕ್ರದವರು ಇಳಿಯುವ ಹಾಗಿಲ್ಲ. ಪರೀಕ್ಷೆಯ ಹಾಲ್ ಎಲ್ಲಿದೆ ಹೇಳಿ? ಅದೇ ಗುಡ್ಡದ ಮೇಲೆ! ಹತ್ತು ನಿಮಿಷಕ್ಕೊಮ್ಮೆ ನಮ್ಮ ಮನೆ ಅದರ ಎದುರಿಗೇ ಹೋಗುತ್ತದೆ. ಪರೀಕ್ಷೆಯ ಹಿಂದಿನ ದಿನ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಿದ್ದುದು ಕಾಣಿಸುತ್ತಿತ್ತು. ನನ್ನ ನಂಬರನ್ನೂ ಬರೆದರು. ನಾನು ಬಾಗಿಲಿನ ಸಂದಿಯಲ್ಲಿ ನೋಡಿ, ಒಳಗೆ ಬಂದು, ಅಕ್ಕಿಡಬ್ಬಿಗೆ ಒರಗಿ ಗಳಗಳ ಅತ್ತೆ.

ಯಜಮಾನರು ಪಕ್ಕಕ್ಕೆ ಬಂದು ಕೂತರು. ಷಡಕ್ಷರಿ ಅಂತ ಅವರ ಹೆಸರು, ಗಡಿಯಾರ ರಿಪೇರಿ ಮಾಡುತ್ತಾರೆ, ಮಾತು ಕಮ್ಮಿ. “ಪರೀಕ್ಷೆ ಇರ್ಲಿ ಇಲ್ದೇ ಇರ್ಲಿ, ಆ ಲೆಕ್ಕ ಮಾತ್ರ ಬಿಡ್ಬೇಡ ಕಣೆ. ಎಷ್ಟು ವರ್ಷ ಅಂತ ಅದು ನಿನ್ನ ಕಾಡ್ತದೆ?” ಎಂದರು. ಸಿಟ್ಟು ಬಂತು. ಸಿಟ್ಟಿನಲ್ಲೇ ಪುಸ್ತಕ ತೆಗೆದೆ.

ಅಚ್ಚಿನಿಂದ ನಮ್ಮ ಮನೆ ಅಡ್ಡಲಾಗಿ ಎಷ್ಟು ದೂರವೋ ಅದು ಎಕ್ಸ್. ಅಚ್ಚಿನ ಮಟ್ಟದಿಂದ ಎಷ್ಟು ಎತ್ತರವೋ ಅದು ವೈ. ಎರಡೂ ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಆದರೆ ಎರಡರ ವರ್ಗವನ್ನೂ ಕೂಡಿಸಿದರೆ ಬರುವುದು ತ್ರಿಜ್ಯದ ವರ್ಗ, ಅದು ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ. ಒಂದು ಹೆಚ್ಚಿದರೆ ಇನ್ನೊಂದು ತಗ್ಗಲೇಬೇಕು. ಪುಸ್ತಕ ಹೇಳಿದಂತೆ ಅವಕಲನ ಮಾಡಿದೆ, ಅಂದರೆ ಯಾವುದು ಎಷ್ಟು ಬೇಗ ಬದಲಾಗುತ್ತದೆ ಎಂದು ನೋಡಿದೆ. ಎಕ್ಸನ್ನು ಎಕ್ಸ್ ಬದಲಾಗುವ ವೇಗದಿಂದ ಗುಣಿಸು, ವೈಯನ್ನು ವೈ ಬದಲಾಗುವ ವೇಗದಿಂದ ಗುಣಿಸು, ಎರಡನ್ನೂ ಕೂಡಿಸು, ಸೊನ್ನೆ ಬರಬೇಕು. ಇಷ್ಟೇ. ಇಷ್ಟಕ್ಕೆ ನಾನು ಹೆದರಿ ಓಡಿಬಂದಿದ್ದೆ.

ಆಗಲೇ ಮನೆ ಬಿರುಸಿಗೆ ಬಂತು, ನಾನು ಅಭ್ಯಾಸಬಲದಿಂದ ಬಾಗಿಲು ಹಾಕಲು ಎದ್ದೆ. ಬಾಗಿಲಿನ ಚಿಲಕ ಹಿಡಿದವಳು ಹಾಗೇ ನಿಂತುಬಿಟ್ಟೆ. ಈಗ ನಾವು ಅಚ್ಚಿನ ಮಟ್ಟದಲ್ಲಿದ್ದೇವೆ. ಅಂದರೆ ವೈ ಸೊನ್ನೆ. ಅದನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ಉಳಿದದ್ದು ಎಕ್ಸ್ ಮತ್ತು ಅದರ ವೇಗ, ಅವುಗಳ ಗುಣಲಬ್ಧವೂ ಸೊನ್ನೆಯಾಗಬೇಕು. ಎಕ್ಸ್ ಇಲ್ಲಿ ಸೊನ್ನೆಯಲ್ಲ, ಅರವತ್ತು ಮೀಟರು. ಹಾಗಾದರೆ ವೇಗವೇ ಸೊನ್ನೆ! ಬಿರುಸಿನಲ್ಲಿ ನಮ್ಮ ಮನೆ ಗುಡ್ಡದ ಹತ್ತಿರಕ್ಕೂ ಬರುವುದಿಲ್ಲ, ದೂರಕ್ಕೂ ಹೋಗುವುದಿಲ್ಲ! ಬರೀ ಮೇಲಕ್ಕೆ, ನೆಟ್ಟಗೆ ಮೇಲಕ್ಕೆ ಹೋಗುತ್ತದೆ!

“ರೀ!” ಎಂದು ನಾನು ಕಿರುಚಿದ್ದಕ್ಕೆ ಯಜಮಾನರ ಕೈಯಲ್ಲಿದ್ದ ಸ್ಪ್ರಿಂಗು ಹಾರಿಹೋಯಿತು. “ಎಷ್ಟು ಬೇಗ ಮೇಲಕ್ಕೆ ಹೋಗ್ತೀವಿ ಬಿರುಸಲ್ಲಿ? ಅಳೀರಿ! ಒಂದು ಮನೆ ಗುಡ್ಡದ ಮೇಲಿರೋ ರಾಟೆ ಕಂಬ ದಾಟಿ ಇನ್ನೊಂದು ಮನೆ ದಾಟೋಕೆ ಎಷ್ಟು ಹೊತ್ತು?”

ಅವರು ಸ್ಟಾಪ್‌ವಾಚ್ ತೆಗೆದುಕೊಂಡು ಜಗಲಿಗೆ ಬಂದರು. ಬಿರುಸಿನಲ್ಲಿ ಇಪ್ಪತ್ತೈದು ಸೆಕೆಂಡು. ತಳಕ್ಕೆ ಬಂದು, ಉಳಿದಿದ್ದ ಕಟ್ಟೆಯ ಕಂಬದ ಮುಂದೆ ಅಳೆದರು. ಇಪ್ಪತ್ತೈದು ಸೆಕೆಂಡು. ಆರು ಸುತ್ತು ಅಳೆದೆವು. ಆರು ಸಲವೂ ಇಪ್ಪತ್ತೈದೇ. ಚಕ್ರ ಎಲ್ಲಿಯೂ ತೂಕಡಿಸುವುದಿಲ್ಲ, ಎಲ್ಲಿಯೂ ಓಡುವುದಿಲ್ಲ. ಸೆಕೆಂಡಿಗೆ ಅರವತ್ಮೂರು ಸೆಂಟಿಮೀಟರ್, ಎಲ್ಲ ಕಡೆಯೂ. ತಳದಲ್ಲಿ ನಾವು ದಿನಾ ಅದರ ಜೊತೆ ನಡೆಯುತ್ತಿದ್ದ ವೇಗವೇ ಅದು. ಭದ್ರಣ್ಣ ಬಿದ್ದದ್ದು ಚಕ್ರ ಹುಚ್ಚೆದ್ದಿದ್ದಕ್ಕಲ್ಲ. ನಿಂತ ಬಂಡೆಗೆ, ಜೊತೆನಡೆ ಇಲ್ಲದೆ ಇಳಿದಿದ್ದಕ್ಕೆ.

“ಗುಡ್ಡದ ಪಕ್ಕ ಜೊತೆನಡೆ ನಡೆಯೋದು ಹೆಂಗೆ? ಮೇಲಕ್ಕೆ ನಡೀತಾರಾ ಯಾರಾದ್ರೂ?” ಎಂದರು ಯಜಮಾನರು. ನಾನು ಭದ್ರಣ್ಣನ ಬುಟ್ಟಿಯ ಕಡೆ ಬೆರಳು ತೋರಿಸಿದೆ.

ಮರುದಿನ ಪರೀಕ್ಷೆ, ಹತ್ತು ಗಂಟೆಗೆ. ಬೆಳಿಗ್ಗೆ ಏಳಕ್ಕೆ ಜಗಲಿಯಲ್ಲಿ ನಿಂತೆ. ಚಕ್ರದವರು ಗುಡ್ಡದವರ ಜೊತೆ ಮಾತಾಡುವುದು ಸುತ್ತಿಗೊಂದು ಮಾತು. ಎದುರಿಗೆ ಬಂದಾಗ ಒಂದು ಹೇಳಬೇಕು, ಉತ್ತರಕ್ಕೆ ಹತ್ತು ನಿಮಿಷ ಕಾಯಬೇಕು. ಕೋಪವೂ ಅಷ್ಟು ಹೊತ್ತು ಆರದೆ ಉಳಿಯಬೇಕು.

“ಭದ್ರಣ್ಣ, ನಾನು ಬಿರುಸಲ್ಲಿ ನಿಮ್ಮ ಬುಟ್ಟಿಗೆ ಇಳೀತೀನಿ! ಬುಟ್ಟೀನ ನಮ್ಮ ಮನೆ ಸಮಕ್ಕೆ ಮೇಲಕ್ಕೆ ಎಳ್ಕೊಂಡು ಬನ್ನಿ!” ಎಂದು ಕೂಗಿದೆ. ಅವರ ಮುಖ ಬಿಳಿಚಿಕೊಂಡದ್ದು ಕಂಡಿತು, ಅಷ್ಟರಲ್ಲಿ ನಾವು ಮೇಲೆ ಹೋಗಿಬಿಟ್ಟೆವು.

ಏಳೂ ಹತ್ತಕ್ಕೆ ಉತ್ತರ ಬಂತು. “ನಿಂಗೇನು ತಲೆ ಕೆಟ್ಟೈತಾ ದಾಕ್ಷಿ? ನನ್ನ ಕಾಲು ನೋಡವ್ವ!”

ಏಳೂ ಇಪ್ಪತ್ತಕ್ಕೆ ನಾನು: “ಕಾಲು ನೋಡಿನೇ ಹೇಳ್ತಿರೋದು! ಹಗ್ಗ ಸುತ್ತೋ ಉರುಳೆ ಎಷ್ಟು ದಪ್ಪ ಇದೆ, ಅಳ್ದು ಹೇಳಿ!”

ಏಳೂವರೆಗೆ ಅವರು ಬೆನ್ನು ಹಾಕಿ ಕೂತಿದ್ದರು. ಆದರೆ ನಮ್ಮ ಹಿಂದಿನ ಮನೆಯ ಜಗಲಿಯಿಂದ ಚೆನ್ನಾಜಕ್ಕನ ಗಂಟಲು ಕೇಳಿತು. “ಏ ಈರಭದ್ರ! ಹೆಣ್ಮಗಳು ಕೇಳ್ತಾ ಅವ್ಳೆ, ಅಳ್ದು ಹೇಳಕ್ಕೇನೋ ನಿಂಗೆ ಧಾಡಿ!”

ಏಳೂ ನಲವತ್ತಕ್ಕೆ ಉತ್ತರ ಸಿಕ್ಕಿತು, ನಲವತ್ತು ಸೆಂಟಿಮೀಟರ್. ನಾನು ಕುಣಿಯುವುದೊಂದು ಬಾಕಿ! ನಲವತ್ತರ ಉರುಳೆ ಒಂದು ಸುತ್ತು ತಿರುಗಿದರೆ ಹಗ್ಗ ನೂರಿಪ್ಪತ್ತಾರು ಸೆಂಟಿಮೀಟರ್ ಏರುತ್ತದೆ. ನಮ್ಮ ಮನೆ ಎರಡು ಸೆಕೆಂಡಿಗೆ ಏರುವುದೂ ಅಷ್ಟೇ. ಎರಡು ಸೆಕೆಂಡಿಗೆ ಒಂದು ಸುತ್ತು, ಅಷ್ಟು ಸಾಕು. ಎದುರುಭಾರ ಕಟ್ಟಿದ ರಾಟೆಗೆ ಬಲ ಬೇಡ, ತಾಳ ಇದ್ದರೆ ಆಯಿತು.

ಎಂಟೂ ಇಪ್ಪತ್ತರ ಹೊತ್ತಿಗೆ ಅವರು ನನ್ನ ಬದಲು ಒಂದು ಕುಂಬಳಕಾಯಿ ಇಳಿಸಿ ನೋಡುವ ಮಟ್ಟಿಗೆ ಒಪ್ಪಿದ್ದರು. ಜಗಲಿಯ ಅಂಚಿನಲ್ಲಿ ನಾನು ಕುಂಬಳಕಾಯಿ ಹಿಡಿದು ನಿಂತೆ. ಮನೆ ಬುಟ್ಟಿಯ ಪಕ್ಕಕ್ಕೆ ಬಂತು, ಆಗ ಭದ್ರಣ್ಣ ಹಿಡಿ ತಿರುಗಿಸಲು ಶುರು ಮಾಡಿದರು. ತಡವಾಗಿತ್ತು. ಬುಟ್ಟಿ ಕೆಳಗೇ ಉಳಿಯಿತು, ನಾನು ಕೈಬಿಟ್ಟ ಕುಂಬಳಕಾಯಿ ಅದರ ಅಂಚಿಗೆ ಬಡಿದು, ಗಣಿಯ ತಳಕ್ಕೆ ಬಿದ್ದು ಚೂರುಚೂರಾಯಿತು. ಅಷ್ಟು ಮೇಲಿಂದಲೂ ಸದ್ದು ಕೇಳಿಸಿತು. ಭದ್ರಣ್ಣ ಹಿಡಿ ಬಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

ಎಂಟೂವರೆ, ಎಂಟೂ ನಲವತ್ತು, ಎಂಟೂ ಐವತ್ತು. ಅವರು ತಲೆ ಎತ್ತಲಿಲ್ಲ. ನಾನು ಪ್ರತಿ ಸುತ್ತಿಗೂ ಕೂಗಿದೆ: “ಭದ್ರಣ್ಣ, ಕಟ್ಟೆ ಮೇಲೆ ಮನೆ ಬಂದ್ಮೇಲೆ ನಡೆಯೋಕೆ ಶುರು ಮಾಡ್ತಿದ್ರಾ ನೀವು? ಮೊದ್ಲೇ ನಡೀತಾ ಇರ್ತಿದ್ರಿ ತಾನೆ? ಬುಟ್ಟೀನೂ ಮೊದ್ಲೇ ಹೊರಡಿಸಿ! ಮನೆ ಬಂದು ಕೂಡ್ಕೊಳ್ಳತ್ತೆ!” ಅವರು ಒಂದೇ ಮಾತು ಹೇಳಿದರು: “ಕುಂಬ್ಳಕಾಯಿ ಬದ್ಲು ನೀನಿದ್ದಿದ್ರೆ?” ಯಜಮಾನರು ನನ್ನ ಕೈ ಹಿಡಿದುಕೊಂಡರು.

ಒಂಬತ್ತು ಗಂಟೆಗೆ ಚೆನ್ನಾಜಕ್ಕ ಗಂಟು ಎಸೆಯುವ ಹೊತ್ತು. ಭದ್ರಣ್ಣ ಅಭ್ಯಾಸದಂತೆ ಕೈಚಾಚಿ ನಿಂತರು. ಅಕ್ಕ ಎಸೆಯಲಿಲ್ಲ. ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಮಡಿಲಲ್ಲಿ ಹಿತ್ತಾಳೆಯ ಚೊಂಬು ಇಟ್ಟುಕೊಂಡಿದ್ದರು. “ಹುರುಳಿ ಸಾರು ಮಾಡಿವ್ನಿ ಕಣೋ. ಬಿಸಿ ಐತೆ. ಬೇಕಾದ್ರೆ ಬುಟ್ಟಿ ತಂದು ಇಸ್ಕೊ. ಇಲ್ಲಾಂದ್ರೆ ಉಪವಾಸ ಬಿದ್ಕೊ” ಎಂದರು.

ಒಂಬತ್ತೂ ಹತ್ತಕ್ಕೆ ನಾನು ನೋಡಿದಾಗ ಭದ್ರಣ್ಣ ರಾಟೆಯ ಹಿಡಿ ಹಿಡಿದು, ಕುಂಟುಕಾಲನ್ನು ಬಂಡೆಗೆ ಒತ್ತಿ ನಿಂತಿದ್ದರು. ಬುಟ್ಟಿ ಕೆಳಗಿತ್ತು. ನಾವು ದಾಟಿ ಮೇಲಕ್ಕೆ ಹೋದ ಮೇಲೆ ಜಗಲಿಯಿಂದ ಬಗ್ಗಿ ನೋಡಿದೆವು. ಅಕ್ಕನ ಮನೆ ಇನ್ನೂ ಬುಟ್ಟಿಗಿಂತ ಕೆಳಗಿರುವಾಗಲೇ ಭದ್ರಣ್ಣ ತಿರುಗಿಸಲು ಶುರು ಮಾಡಿದ್ದರು, ಮೊದಲು ಮೆಲ್ಲಗೆ, ಆಮೇಲೆ ಸರಿಯಾದ ತಾಳಕ್ಕೆ. ಬಾಯಲ್ಲಿ “ಒಂದ... ಎರಡ...” ಎಂದು ಎಣಿಸುತ್ತಿದ್ದರು. ಮನೆ ಬಂದು ಬುಟ್ಟಿಯನ್ನು ಕೂಡಿಕೊಂಡಿತು. ಎರಡೂ ಒಟ್ಟಿಗೆ ಏರಿದವು. ಅಕ್ಕ ಏನೂ ಅವಸರವಿಲ್ಲದೆ, ನೆರೆಮನೆಗೆ ಮೊಸರು ಕೊಡುವವರ ಹಾಗೆ, ಚೊಂಬನ್ನು ಬುಟ್ಟಿಯಲ್ಲಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು. ಒಂದು ಹನಿ ಚೆಲ್ಲಲಿಲ್ಲ.

ಇಡೀ ಚಕ್ರ ಹೋ ಎಂದಿತು. ಇಪ್ಪತ್ನಾಲ್ಕು ಮನೆಯವರೂ ಜಗಲಿಗೆ ಬಂದಿದ್ದರು, ಯಾವಾಗ ಬಂದರೋ ನನಗೆ ಗೊತ್ತೇ ಆಗಲಿಲ್ಲ. ಬಿರುಸಿನ ಕಡೆಯ ಬಾಗಿಲುಗಳೆಲ್ಲ ತೆರೆದಿದ್ದವು.

ಒಂಬತ್ತೂ ಇಪ್ಪತ್ತಕ್ಕೆ ನಮ್ಮ ಮನೆ ಬಿರುಸಿಗೆ ಬಂದಾಗ ಭದ್ರಣ್ಣ ಚೊಂಬನ್ನು ಎದೆಗೆ ಒತ್ತಿಕೊಂಡು ಬಿಕ್ಕುತ್ತಿದ್ದರು. ಮುಂದಿನ ಸುತ್ತಿಗೆ ಬಾ ಎಂದು ಕೈಸನ್ನೆ ಮಾಡಿದರು. ಸೆರಗು ಬಿಗಿದು ಕಟ್ಟಿದೆ. ಯಜಮಾನರು ನನ್ನ ಸೊಂಟಕ್ಕೊಂದು ಹಗ್ಗ ಕಟ್ಟಿದರು, ಬಿಚ್ಚಿ ಮತ್ತೆ ಕಟ್ಟಿದರು.

ಒಂಬತ್ತೂವರೆ. ಕೆಳಗಿನಿಂದ ಏರುತ್ತಿದ್ದೇವೆ, ಬುಟ್ಟಿ ನಮ್ಮ ಮುಂದೆ ಏರುತ್ತಿದೆ. ಇಡೀ ಚಕ್ರ ಒಂದೇ ಕೊರಳಲ್ಲಿ ಎಣಿಸುತ್ತಿತ್ತು. ಬುಟ್ಟಿಯ ಅಂಚು ನಮ್ಮ ಜಗಲಿಯ ಅಂಚಿಗೆ ಬಂತು, ನಿಂತಿತು. ನಿಂತೇಬಿಟ್ಟಿತು! ಅದರ ಹಿಂದೆ ಗುಡ್ಡದ ಬಂಡೆಗಳೆಲ್ಲ ಕೆಳಗೆ ಜಾರುತ್ತಿವೆ, ಬುಟ್ಟಿ ಮಾತ್ರ ನನ್ನೆದುರು ಅಲುಗದೆ ನಿಂತಿದೆ. ನಡುವಿನ ಸಂದು ಒಂದು ಗೇಣು. ಹತ್ತು ಸೆಕೆಂಡಿನಲ್ಲಿ ಅದು ನಾಲ್ಕು ಬೆರಳಿಗಿಂತ ಹೆಚ್ಚು ಬದಲಾಗುವುದಿಲ್ಲ ಎಂದು ನಾನೇ ಲೆಕ್ಕ ಹಾಕಿದ್ದೆ. ಎಂಥ ಅಗಲವಾದ ಹತ್ತು ಸೆಕೆಂಡು ಅದು! ನಾನು ಎಡಗಾಲಿಟ್ಟೆ, ಬಲಗಾಲಿಟ್ಟೆ, ಹಗ್ಗ ಬಿಚ್ಚಿದೆ, ಇನ್ನೂ ಸಮಯ ಉಳಿದಿತ್ತು.

“ಹಾಲ್ ಟಿಕೆಟ್!” ಎಂದು ಯಜಮಾನರು ಕೂಗಿದರು. ಥೂ ನನ್ನ ತಲೆಗಿಷ್ಟು! ಮರೆತೇಬಿಟ್ಟಿದ್ದೆ. ಅವರು ಬಗ್ಗಿ ಹಾಲ್ ಟಿಕೆಟ್ಟನ್ನೂ ಪೆನ್ನನ್ನೂ ನನ್ನ ಕೈಗಿಟ್ಟರು. “ಗಾಬರಿ ಬೀಳ್ದೆ ಬರಿ” ಎಂದರು. ಆಮೇಲೆ ಸಂದು ಮೆಲ್ಲಗೆ ಅಗಲವಾಯಿತು. ಅವರು ಮೇಲಕ್ಕೆ ಹೋದರು, ಭದ್ರಣ್ಣ ನನ್ನನ್ನು ಗುಡ್ಡಕ್ಕೆ ಇಳಿಸಿದರು.

ಚಕ್ರದ ಲೆಕ್ಕಕ್ಕೆ ತಯಾರಾಗಿ ಹೋದ ನನಗೆ ಪ್ರಶ್ನೆಪತ್ರಿಕೆಯಲ್ಲಿ ಚಕ್ರವೇ ಇರಲಿಲ್ಲ. ‘ಗೋಡೆಗೆ ಒರಗಿದ ಏಣಿಯೊಂದು ಜಾರುತ್ತಿದೆ’ ಎಂದಿತ್ತು. ಇನ್ನೊಂದು ಸಲ ಓದಿದೆ. ಆಮೇಲೆ ನೋಡಿದರೆ ಏಣಿಯ ಉದ್ದ ಬದಲಾಗುವುದಿಲ್ಲ, ಅದರ ಬುಡ ಗೋಡೆಯಿಂದ ಎಷ್ಟು ದೂರವೋ ಅದು ಎಕ್ಸ್, ತುದಿ ಎಷ್ಟು ಎತ್ತರವೋ ಅದು ವೈ. ಅದೇ ಲೆಕ್ಕ! ವೇಷ ಮಾತ್ರ ಬೇರೆ! ನಾನು ಪಕ್ಕನೆ ನಕ್ಕೆ. ಮೇಲ್ವಿಚಾರಕರು ಕನ್ನಡಕ ಕೆಳಗಿಳಿಸಿ ನನ್ನನ್ನೇ ನೋಡಿದರು. ಒಂದೂವರೆ ತಿಂಗಳಾದ ಮೇಲೆ ಎಪ್ಪತ್ತೆಂಟು ಬಂತು, ಅದು ಬಿಡಿ.

ಒಂದು ಗಂಟೆಗೆ ಹೊರಗೆ ಬಂದೆ. ಭದ್ರಣ್ಣ ತೊಳೆದ ಅಂಗಿ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ರಾಟೆಯ ಪಕ್ಕ ಕೂತಿದ್ದರು. ಖಾಲಿ ಚೊಂಬನ್ನು ಬೆಳಗಿ ಪಕ್ಕದಲ್ಲಿಟ್ಟುಕೊಂಡಿದ್ದರು.

“ಬರ್ದ್ಯಾ?”

“ಬರ್ದೆ ಭದ್ರಣ್ಣ.”

“ಈ ಹಿಡಿ ತಿರುಗ್ಸಕ್ಕೆ ಬತ್ತದಾ ನಿಂಗೆ?” ಎಂದು ನೆಲ ನೋಡುತ್ತಾ ಕೇಳಿದರು. “ಚೊಂಬು ವಾಪಸ್ ಕೊಡ್ಬೇಕಿತ್ತು ಅಕ್ಕಂಗೆ.”

ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಹೋಗಿ ಹಿಡಿ ಹಿಡಿದೆ. ಅವರು ಚೊಂಬು ತೆಗೆದುಕೊಂಡು ಬುಟ್ಟಿಯೊಳಗೆ ಹೋಗಿ ಕೂತರು. ನಾನು ಬುಟ್ಟಿಯನ್ನು ಕೆಳಗಿಳಿಸಿ, ಒಂಬತ್ತನೇ ಮನೆಯ ದಾರಿ ಕಾದು, ಮೊದಲೇ ತಿರುಗಿಸಲು ಶುರು ಮಾಡಿದೆ. ಒಂದ, ಎರಡ. ಒಂದ, ಎರಡ. ಮನೆ ಬಂತು, ಕೂಡಿಕೊಂಡಿತು. ಅಕ್ಕ ಬಾಗಿಲಲ್ಲಿ ನಿಂತವರು ತಮ್ಮನನ್ನು ಕಂಡು ಹಾಗೇ ಉಳಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಸೆಕೆಂಡುಗಳನ್ನು ಹಾಳು ಮಾಡುತ್ತಿದ್ದಾರೆ! “ಭದ್ರಣ್ಣ, ಕಾಲಿಡಿ!” ಎಂದು ಅರಚಿದೆ. ಅವರು ಕುಂಟುಕಾಲನ್ನೇ ಮೊದಲು ಎತ್ತಿಟ್ಟರು. ಅಕ್ಕ ರಟ್ಟೆ ಹಿಡಿದು ಒಳಗೆಳೆದುಕೊಂಡರು.

ಅವರು ಮೇಲಕ್ಕೆ ಹೋಗುತ್ತಿದ್ದಂತೆ ಅಕ್ಕನ ಗಂಟಲು ಕೇಳಿಸಿತು. “ಕೈ ತೊಳ್ಕೊ ಹೋಗು. ಮುದ್ದೆ ಆರ್ತದೆ.”

ಎಂಟನೇ ಮನೆ ಬಂದಾಗ ಯಜಮಾನರು ಜಗಲಿಯಿಂದ ಬಗ್ಗಿ, “ಏನೇ, ಮನೆಗ್ ಬರಲ್ವಾ?” ಎಂದರು. ಆಗ ನೆನಪಾಯಿತು. ನಾನು ಮನೆಗೆ ಹೋಗಬೇಕಾದರೆ ರಾಟೆ ತಿರುಗಿಸಲು ಭದ್ರಣ್ಣ ಬರಬೇಕು. ಅಷ್ಟರಲ್ಲಿ ಒಂಬತ್ತನೇ ಮನೆ ಎದುರಿಗೆ ಬಂತು. ಬಾಗಿಲು ತೆರೆದೇ ಇತ್ತು. ಭದ್ರಣ್ಣ ತಟ್ಟೆಯ ಮುಂದೆ ಕೂತಿದ್ದರು, ಅಕ್ಕ ಸಾರು ಬಡಿಸುತ್ತಿದ್ದರು, ಮುದ್ದೆಯ ಸುತ್ತ ತಟ್ಟೆ ತುಂಬಾ. ಅವರು ಬಿರುಸಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ನಿಧಾನವಾಗಿ ಉಣ್ಣಲಿ ಅಂತ ನಾನು ರಾಟೆಯ ಪಕ್ಕದ ಕಲ್ಲಿನ ಮೇಲೆ ಕಾಲು ಚಾಚಿ ಕೂತೆ.